ಗಣರಾಜ್ಯದ ಆತ್ಮರಕ್ಷಣೆ: ಫಿನ್ಲೆಂಡಿನ ನಿದರ್ಶನ

ಪ್ರಜಾಪ್ರಭುತ್ವವನ್ನು ಕೆಡಹಲು ಹವಣಿಸುವವರಿಗೂ ಪ್ರಜಾಪ್ರಭುತ್ವದ ಸ್ವಾತಂತ್ರ್ಯಗಳೆಲ್ಲ ಸಲ್ಲಬೇಕೆ? ಈ ಪ್ರಶ್ನೆ ಬಂದೊಡನೆ ನಾವು 1933ರಲ್ಲಿ ಅಳಿದ ಜರ್ಮನ್ ಗಣರಾಜ್ಯವನ್ನು ನೆನೆಯುತ್ತೇವೆ. ಅದರ ಹಿಂದಿನ ವರ್ಷವೇ ಅಂಥದೊಂದು ಗಂಡಾಂತರವನ್ನು ದಾಟಿ ಉಳಿದ ಫಿನ್ಲೆಂಡನ್ನು ನೆನೆಯುವವರು ವಿರಳ.

1918ರ ಅಂತರ್ಯುದ್ಧದ ಗಾಯ ಇನ್ನೂ ಮಾಯದಿದ್ದ ಆ ದೇಶದಲ್ಲಿ, 1929ರಲ್ಲಿ, ಲಾಪುವಾ ಎಂಬ ಊರಿನಿಂದ ಕಮ್ಯೂನಿಸ್ಟರ ವಿರುದ್ಧ ಒಂದು ಚಳವಳಿ ಹೊರಟಿತು. ಮುದ್ರಣಾಲಯಗಳನ್ನು ಧ್ವಂಸಮಾಡುವುದು, ಎದುರಾಳಿಗಳನ್ನು ಹಿಡಿದೊಯ್ದು ಸೋವಿಯತ್ ಗಡಿಯಲ್ಲಿ ಬಿಡುವುದು, ಇವು ಅದರ ರೀತಿಗಳು. 1930ರ ಜುಲೈನಲ್ಲಿ ಸುಮಾರು 12,000 ಮಂದಿ ಹೆಲ್ಸಿಂಕಿಯಲ್ಲಿ ಮೆರವಣಿಗೆ ಮಾಡಿದಾಗ ಅಧ್ಯಕ್ಷನೇ ಅವರನ್ನು ಎದುರ್ಗೊಂಡನು. ಅವರು ಬೇಡಿದ ಶಾಸನಗಳೂ ಆದವು. ಗಣರಾಜ್ಯ ಸಂರಕ್ಷಣೆಯ ಶಾಸನ ಅವುಗಳಲ್ಲೊಂದು.

ಕೇಳಿದ್ದನ್ನು ಕೊಟ್ಟರೆ ತಣಿದಾರೆಂಬ ಎಣಿಕೆ ಹುಸಿಯಾಯಿತು. ಅದೇ ಅಕ್ಟೋಬರಿನಲ್ಲಿ ಗಣರಾಜ್ಯದ ಮೊದಲ ಅಧ್ಯಕ್ಷನಾಗಿದ್ದ ಸ್ಟೋಲ್‌ಬರ್ಗನನ್ನು ಪತ್ನೀಸಮೇತನಾಗಿ ಅಪಹರಿಸಿದರು. ಆತನು ಕಮ್ಯೂನಿಸ್ಟನಲ್ಲ; ನ್ಯಾಯಶಾಸ್ತ್ರ ಪಂಡಿತ. ಅಲ್ಲಿಯವರೆಗೆ ಕಣ್ಣುಮುಚ್ಚಿ ಕುಳಿತಿದ್ದ ಗೃಹಸ್ಥರು ಬೆಚ್ಚಿದರು.

1932ರ ಫೆಬ್ರವರಿ 27ರಂದು ಮ್ಯಾಂಟ್ಸಾಲಾದಲ್ಲಿ ನಡೆಯುತ್ತಿದ್ದ ಸಮಾಜವಾದಿಗಳ ಸಭೆಯೊಂದನ್ನು ಶಸ್ತ್ರಧಾರಿಗಳು ಚೆದುರಿಸಿದರು. ಮುಂದೆ ಅಲ್ಲಿಯೇ ಬೀಡುಬಿಟ್ಟು, ಮಂತ್ರಿಮಂಡಲ ಇಳಿಯಲೆಂದು ಹಟಹಿಡಿದರು. ಆಗ ಅಧ್ಯಕ್ಷನಾಗಿದ್ದವನು ಸ್ವಿನ್‌ಹುಫ್ವುಡ್. ಕಟ್ಟಾ ಸಂಪ್ರದಾಯವಾದಿ, ಹಿಂದಿನ ವರ್ಷ ಆ ಚಳವಳಿಗಾರರ ಬೆಂಬಲದಿಂದಲೇ ಪೀಠವೇರಿದವನು. ಆತನು ಸೈನ್ಯವನ್ನು ಸಿದ್ಧಗೊಳಿಸಿ, ಮಾರ್ಚ್ 2ರಂದು ರೇಡಿಯೋದಲ್ಲಿ ಮಾತನಾಡಿದನು: ಮನೆಗೆ ಹಿಂದಿರುಗಿದ ಸಾಮಾನ್ಯರಿಗೆ ದಂಡನೆಯಿಲ್ಲ, ಮುಂದಾಳುಗಳಿಗೆ ಮಾತ್ರ. ಕೆಲವೇ ದಿನಗಳಲ್ಲಿ ಗುಂಪು ಕರಗಿತು. ಕಮ್ಯೂನಿಸ್ಟರಿಗೆಂದು ತಾವೇ ಮಾಡಿಸಿದ್ದ ಶಾಸನದ ಬಲದಿಂದಲೇ ಲಾಪುವಾ ಚಳವಳಿ ನಿಷಿದ್ಧವಾಯಿತು.

ಶಾಸನವೇ ಕಾಪಾಡಿತೆನ್ನೋಣವೆ? ಜರ್ಮನಿಯಲ್ಲಿಯೂ 1922ರಿಂದ ಅಂಥ ಶಾಸನವಿದ್ದಿತು. ಅಲ್ಲಿಯ ಸಂಪ್ರದಾಯಪಕ್ಷದ ಹಿರಿಯರು ಹಿಟ್ಲರನನ್ನು ತಮ್ಮ ಕೈಗೊಂಬೆಯಾಗಿಸಬಹುದೆಂದು ನಂಬಿ ಬಾಗಿಲು ತೆರೆದರು. ಇಲ್ಲಿಯವನು ತನ್ನವರಿಗೇ ಬಾಗಿಲಿಕ್ಕಿದನು. ಶತ್ರುವನ್ನು ತಡೆಯುವುದು ಸುಲಭ, ಮಿತ್ರನನ್ನು ತಡೆಯುವುದು ಕಷ್ಟ. ನಮ್ಮ ಮಟ್ಟಿಗೆ ಈ ವೃತ್ತಾಂತದ ತಿರುಳು ಅಲ್ಲಿದೆ.

ಇದನ್ನು ನಿಷ್ಕಳಂಕ ವಿಜಯವೆನ್ನಲು ನಾವು ಸಿದ್ಧರಿಲ್ಲ. ಮುಂದಾಳುಗಳಿಗಾದ ಶಿಕ್ಷೆ ಲಘು. ಕಮ್ಯೂನಿಸ್ಟರು ಬಹಿರಂಗ ರಾಜಕೀಯಕ್ಕೆ ಮರಳಿದ್ದು 1944ರಲ್ಲಿ. ಚಳವಳಿಯ ಉತ್ತರಾಧಿಕಾರಿ ಪಕ್ಷವಾದರೋ ಬೇರೆ ಹೆಸರಿನಿಂದ ಚುನಾವಣೆಗೆ ನಿಂತು 1933ರಲ್ಲಿ 14 ಸ್ಥಾನಗಳನ್ನು ಗಳಿಸಿತು. ಅದನ್ನು 1939ರಲ್ಲಿ 8ಕ್ಕೆ ಇಳಿಸಿದವರು ಮತದಾರರು.