ಸಹಿ ಹಾಕದವರ ಒಪ್ಪಂದ

ಬಿ.ಕಾಂ. ಓದಿದವರಿಗೆ ಬಿಸಿನೆಸ್ ಲಾ ಪೇಪರಿನ ಒಂದು ಪಾಠ ನೆನಪಿರಬೇಕು. ಇಬ್ಬರು ಮಾಡಿಕೊಂಡ ಒಪ್ಪಂದದ ಮೇಲೆ ಮೂರನೆಯವನು ದಾವೆ ಹೂಡುವಂತಿಲ್ಲ. ಕೆಲವು ವಿನಾಯಿತಿ ಇವೆ, ಅವು ಪರೀಕ್ಷೆಗೆ ಇರಲಿ. ಇವತ್ತಿನ ಮಾತು ಅಂಥದ್ದೇ ಒಂದು ಒಪ್ಪಂದದ್ದು. ಸಹಿ ಹಾಕಿದವರು ಕೆನಡಾ ಮತ್ತು ಅಮೆರಿಕ. ಹಂಚಿಕೊಂಡದ್ದು ಏನು ಗೊತ್ತೇನ್ರಿ? ಮನುಷ್ಯರನ್ನ.

ಊರಲ್ಲಿ ಜೀವಭಯ ಅಂತ ಓಡಿಬಂದು ಆಶ್ರಯ ಕೇಳುವವರು ಇರ್ತಾರಲ್ಲ, ಅವರು. 2002ರ ಡಿಸೆಂಬರಿನಲ್ಲಿ ಸಹಿಯಾಗಿ 2004ರ ಡಿಸೆಂಬರ್ 29ಕ್ಕೆ ಜಾರಿಗೆ ಬಂದ ಈ 'ಸುರಕ್ಷಿತ ಮೂರನೇ ದೇಶ' ಒಪ್ಪಂದ ಹೇಳೋದಿಷ್ಟು: ಎರಡರಲ್ಲಿ ಮೊದಲು ಎಲ್ಲಿ ಕಾಲಿಟ್ಟೆಯೋ ಅಲ್ಲೇ ಕೇಳು. ಅಮೆರಿಕ ದಾಟಿ ಕೆನಡಾದ ಗೇಟಿಗೆ ಬಂದರೆ, ಹತ್ತಿರದ ಬಂಧುಗಳು ಅಲ್ಲಿರೋದು ಇತ್ಯಾದಿ ಕೆಲವು ವಿನಾಯಿತಿ ಬಿಟ್ಟು, ವಾಪಸ್.

ವಾಪಸ್ ಹೋಗೋನು ಈ ಕಾಗದಕ್ಕೆ ಸಹಿ ಹಾಕಿಲ್ಲ. ಅವನು ಕೋರ್ಟಿಗೆ ಹೋಗೋದು ಹ್ಯಾಂಗ? ಆ ದಾರಿ ಮಾಡಿಕೊಟ್ಟವರಲ್ಲಿ ಭಾರತದಿಂದ ಹೋದ ಸಿಖ್ಖರಿದ್ದಾರೆ. 1985ರ ಏಪ್ರಿಲ್ 4ರ 'ಸಿಂಗ್' ತೀರ್ಪಿನಲ್ಲಿ ನ್ಯಾಯಮೂರ್ತಿ ಬರ್ಥಾ ವಿಲ್ಸನ್, ಕೆನಡಾ ಸಂವಿಧಾನದ 7ನೇ ಸೆಕ್ಷನ್ನಿನ 'ಪ್ರತಿಯೊಬ್ಬರು' ಅನ್ನೋ ಪದದೊಳಗೆ ಆ ನೆಲದ ಮೇಲೆ ನಿಂತಿರುವ ಪ್ರತಿ ಮನುಷ್ಯನೂ ಬರ್ತಾನೆ ಅಂದರು. ಪಾಸ್‌ಪೋರ್ಟ್ ಯಾವ ದೇಶದ್ದೇ ಇರಲಿ. ಮೂರನೆಯವನಿಗೆ ದನಿ ಸಿಕ್ಕದ್ದು ಅಲ್ಲಿ.

ಆ ಪದ ಹಿಡಕೊಂಡೇ ಕೆನಡಾದ ನಿರಾಶ್ರಿತರ ಸಂಘಟನೆಗಳು ಒಪ್ಪಂದವನ್ನು ಎರಡು ಸಲ ಕೋರ್ಟಿಗೆಳೆದವು. ಎರಡು ಸಲವೂ ಫೆಡರಲ್ ಕೋರ್ಟಿನಲ್ಲಿ ಗೆದ್ದು, ಮೇಲ್ಮನವಿಯಲ್ಲಿ ಸೋತವು. ಎರಡನೇ ಗೆಲುವು 2020ರ ಜುಲೈನಲ್ಲಿ. ಗೇಟಿನಿಂದ ವಾಪಸ್ ಕಳಿಸಿದ ಇಥಿಯೋಪಿಯಾದ ಒಬ್ಬ ಯುವತಿಯನ್ನು ಅಮೆರಿಕದಲ್ಲಿ ಜೈಲಿಗೆ ಹಾಕಿ, ಮೊದಲ ಒಂದು ವಾರ ಒಂಟಿ ಕೋಣೆಯಲ್ಲಿಟ್ಟಿದ್ದರು. ಆಕೆ ಮಾಡಿದ್ದು ಆಶ್ರಯ ಕೇಳಿದ್ದು, ಅಷ್ಟೇ.

ಕೊನೆಗೆ 2023ರ ಜೂನ್ 16ರಂದು ಕೆನಡಾದ ಸುಪ್ರೀಂ ಕೋರ್ಟ್ ಏನಂತು? ಬಂಧನದ ಅಪಾಯ ಇದೆ, 7ನೇ ಸೆಕ್ಷನ್ ಅನ್ವಯಿಸ್ತದೆ, ಹೌದು. ಆದರೂ ಕಾನೂನು ಉಳೀತದೆ, ಯಾಕಂದ್ರೆ ಅದರಲ್ಲಿ 'ಸುರಕ್ಷತಾ ಕವಾಟ'ಗಳಿವೆ. ನಮ್ಮ ಕುಕ್ಕರಿನ ಸೇಫ್ಟಿ ವಾಲ್ವ್ ಇದ್ದಂಗ. ಯಾರಿಗಾದರೂ ಅನ್ಯಾಯ ಆಗ್ತದೆ ಅನ್ನಿಸಿದರೆ ಅಧಿಕಾರಿ ಮಾನವೀಯತೆಯ ಮೇಲೆ ವಿನಾಯಿತಿ ಕೊಡಬಹುದು.

ಇಲ್ಲಿ ನನಗೆ ತಕರಾರಿದೆ. ಕುಕ್ಕರಿನ ವಾಲ್ವ್ ಒತ್ತಡ ಜಾಸ್ತಿಯಾದರೆ ತಾನೇ ಬಿಚ್ಚಿಕೊಳ್ಳತದ. ಇದನ್ನು ಗಡಿಯ ಆಫೀಸರ್ ಕೈಯಿಂದ ಬಿಚ್ಚಬೇಕು. ನಟ್ಟಿರುಳಿನಲ್ಲಿ, ವಕೀಲನಿಲ್ಲದೆ, ಭಾಷೆ ಬಾರದೆ ನಿಂತವನಿಗೆ ಅಂಥದ್ದೊಂದು ವಾಲ್ವ್ ಇದೆ ಅಂತ ಹೇಳೋರು ಯಾರು?

ತೀರ್ಪಿಗೂ ಮುಂಚೆ, 2023ರ ಮಾರ್ಚಿನಲ್ಲಿ, ಒಪ್ಪಂದವನ್ನು ಇಡೀ ಭೂಗಡಿಗೆ ಹಿಗ್ಗಿಸಿದ್ದರು. ಗೇಟು ತಪ್ಪಿಸಿ ಕಾಲುದಾರಿಯಲ್ಲಿ ಬಂದು 14 ದಿನದೊಳಗೆ ಆಶ್ರಯ ಕೇಳಿದರೂ ವಾಪಸ್. ಅಂದರೆ ಮರುದಿನವೇ ಬಂದು ನಿಜ ಹೇಳಿದವನು ಸಿಕ್ಕಿಬೀಳ್ತಾನೆ, ಎರಡು ವಾರ ಅಡಗಿ ಕೂತವನು ಆ ನಿಯಮದಿಂದ ಪಾರು. ಎಂಥಾ ಲೆಕ್ಕ ನೋಡ್ರಿ.

ನಮಗೇನು ಸಂಬಂಧ ಅಂತೀರಾ? ಸಿಂದಗಿಯಿಂದ ಗೋವಾಕ್ಕೆ, ಇಂಡಿಯಿಂದ ಪುಣೆಗೆ ದುಡಿಯಾಕ ಹೋಗೋರನ್ನ ಯಾರಾದರೂ 'ವಾಪಸ್ ಹೋಗ್ರಿ' ಅಂದರೆ ಅವರ ಕೈಯಲ್ಲಿ 19ನೇ ವಿಧಿ ಇದೆ: ದೇಶದಲ್ಲಿ ಎಲ್ಲಿ ಬೇಕಾದರೂ ನೆಲೆಸುವ ಹಕ್ಕು. ಅದು ನಾಗರಿಕರಿಗೆ ಮಾತ್ರ. ನಿರಾಶ್ರಿತನ ಕೈಯಲ್ಲಿರೋದು ಮುಖ್ಯವಾಗಿ 14 ಮತ್ತು 21ನೇ ವಿಧಿ, ಅಲ್ಲಿ ಪದ 'ವ್ಯಕ್ತಿ'. 1996ರಲ್ಲಿ ಅರುಣಾಚಲದ ಚಕ್ಮಾ ಜನರ ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟ್, ನಾಗರಿಕನಾಗಲಿ ಅಲ್ಲದಿರಲಿ, ಜೀವ ಕಾಯೋದು ರಾಜ್ಯದ ಹೊಣೆ ಅಂತು. 2021ರ ಏಪ್ರಿಲ್‌ನಲ್ಲಿ ರೋಹಿಂಗ್ಯಾಗಳು ಅದೇ 21 ಹಿಡಿದು ಹೋದಾಗ, ಆ ವಿಧಿ ಎಲ್ಲರಿಗೂ ಇದೆ, ಆದರೆ ಗಡೀಪಾರಾಗದಿರುವ ಹಕ್ಕು 19ರ ಜೊತೆಗಿನದು ಅಂದುಬಿಟ್ಟಿತು. ನಿಯಮದ ಪ್ರಕಾರ ಕಳಿಸಬಹುದು.

ಭಾರತ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿಯನ್ನೇ ಹಾಕಿಲ್ಲ. ನಮ್ಮ ಬೈಲಕುಪ್ಪೆ, ಮುಂಡಗೋಡದ ಟಿಬೆಟಿಯನ್ನರು 1960ರ ದಶಕದಲ್ಲಿ ನೆಲೆ ಕಂಡದ್ದು ಯಾವುದೋ ನಿರಾಶ್ರಿತರ ಕಾಯ್ದೆಯಿಂದಲ್ಲ, ಸರ್ಕಾರದ ತೀರ್ಮಾನದಿಂದ. ಅದೂ ಕೈಯಿಂದ ಬಿಚ್ಚಿದ ವಾಲ್ವೇ. ಆಗ ಬಿಚ್ಚಿದರು.

ಕೆನಡಾದ ಕೇಸು ಜೂನ್ 16ಕ್ಕೇ ಪೂರ್ತಿ ಮುಗೀಲಿಲ್ಲ. ಗಂಡಸರ ಹಿಂಸೆಯಿಂದ ಓಡಿಬಂದ ಹೆಣ್ಣುಮಕ್ಕಳಿಗೆ ಈ ಒಪ್ಪಂದದಿಂದ ಸಮಾನತೆ ತಪ್ಪತದೆ ಅನ್ನೋ ವಾದವನ್ನು, 15ನೇ ಸೆಕ್ಷನ್ ಕೆಳಗೆ, ಫೆಡರಲ್ ಕೋರ್ಟಿಗೇ ತಿರುಗಿ ಕಳಿಸಿದರು. ಅದರ ಬಗ್ಗೆ ಇನ್ನೊಂದು ಸಲ ಮೈಕ್ ಹಚ್ಚತೀನಿ.