ಬೂದಿ ಮುಚ್ಚಿದ ಕೆಂಡ



2021ರ ಅಕ್ಟೋಬರ್ 29ರಂದು, ರಾಜ್ಯೋತ್ಸವಕ್ಕೆ ಮೂರೇ ದಿನವಿರುವಾಗ, ನಟ ಪುನೀತ್ ರಾಜಕುಮಾರರು 46 ವರ್ಷಕ್ಕೇ ಹೃದಯಸ್ತಂಭನದಿಂದ ತೀರಿಕೊಂಡರು. ಆಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ತಪಾಸಣೆಗೆಂದು ಜನ ಮುಗಿಬಿದ್ದರು. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮಗೂ ಅದೇ ಅಂಜಿಕೆ. ರಕ್ತಪರೀಕ್ಷೆಯ ವರದಿಯಲ್ಲಿ ಬರುವ ‘ಸಿ.ಆರ್.ಪಿ.’ ಎಂಬ ಅಂಕೆಯನ್ನು ಹೇಗೆ ಓದಬೇಕೆಂದು ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇವೆ.

1930ರಲ್ಲಿ ನ್ಯೂಯಾರ್ಕಿನ ರಾಕೆಫೆಲರ್ ಸಂಸ್ಥೆಯ ಟಿಲೆಟ್, ಫ್ರಾನ್ಸಿಸ್ ಎಂಬವರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಕಂಡರು. ಇದು ಯಕೃತ್ತಿನಲ್ಲಿ ಹುಟ್ಟುವ ಪ್ರೋಟೀನು. ದೇಹದಲ್ಲಿ ಉರಿಯೂತವಾದಾಗ ಏರುತ್ತದೆ. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕೂತ ಕಡೆಯೂ ಉರಿಯೂತವು ಬೂದಿ ಮುಚ್ಚಿದ ಕೆಂಡದಂತಿರುತ್ತದೆ. ಆ ಪದರ ಬಿರಿದು ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತ.

ಈ ಸಣ್ಣ ಉರಿಯನ್ನು ಅಳೆಯುವ ಸೂಕ್ಷ್ಮ ಪರೀಕ್ಷೆಗೆ ‘ಎಚ್.ಎಸ್.-ಸಿ.ಆರ್.ಪಿ.’ ಎಂದು ಹೆಸರು. ಲೀಟರಿಗೆ 1 ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ. 1ರಿಂದ 3ರವರೆಗೆ ಮಧ್ಯಮ. 3 ಮೀರಿದರೆ ಹೆಚ್ಚು. 10 ದಾಟಿದರೆ ಮೊದಲು ಸೋಂಕನ್ನು ಹುಡುಕತಕ್ಕದ್ದು. ಮಳೆಗಾಲದ ಜ್ವರ, ವಸಡಿನ ಕೀವು, ಕೀಲುಗಳ ಊತ ಇವೂ ಅಂಕೆಯನ್ನು ಏರಿಸುತ್ತವೆ. ಜ್ವರ ಬಿಟ್ಟು ಎರಡು ಮೂರು ವಾರ ಕಳೆದ ಮೇಲೆ ಮತ್ತೆ ನೋಡುವುದು ಲೇಸು. ಕೆಲವು ಪ್ರಯೋಗಾಲಯಗಳು ಡೆಸಿಲೀಟರಿನ ಲೆಕ್ಕ ಬರೆಯುತ್ತವೆ. ಅದಕ್ಕೂ ಇದಕ್ಕೂ ಹತ್ತು ಪಟ್ಟು ಅಂತರ.

2008ರಲ್ಲಿ ಪ್ರಕಟವಾದ ‘ಜುಪಿಟರ್’ ಅಧ್ಯಯನದಲ್ಲಿ, ಕೆಟ್ಟ ಕೊಲೆಸ್ಟರಾಲ್ ಹೆಚ್ಚಿಲ್ಲದೆ ಈ ಅಂಕೆ 2 ಅಥವಾ ಹೆಚ್ಚಿದ್ದ 17,802 ಜನರಿದ್ದರು. ಸ್ಟ್ಯಾಟಿನ್ ಗುಳಿಗೆ ಪಡೆದವರಲ್ಲಿ ಹೃದಯ, ರಕ್ತನಾಳಗಳ ಗಂಡಾಂತರ ಶೇಕಡಾ 44ರಷ್ಟು ಕಡಿಮೆಯಾಯಿತು. ಆದರೆ ಆ ಗುಳಿಗೆ ಕೊಲೆಸ್ಟರಾಲನ್ನೂ ಇಳಿಸುತ್ತದೆ. 2017ರ ‘ಕ್ಯಾಂಟೋಸ್’ ಅಧ್ಯಯನದಲ್ಲಿ ಉರಿಯೂತವನ್ನಷ್ಟೇ ತಗ್ಗಿಸುವ ಔಷಧಿಯಿಂದ ಗಂಡಾಂತರ ಶೇಕಡಾ 15ರಷ್ಟು ಇಳಿಯಿತು. ಜೊತೆಗೆ ಪ್ರಾಣ ತೆಗೆಯುವ ಸೋಂಕುಗಳು ಹೆಚ್ಚಿದವು. ಉರಿ ನಿಜ, ಆರಿಸುವುದಕ್ಕೂ ಬೆಲೆ ತೆರಬೇಕು. ಆದ್ದರಿಂದ ಅಂಕೆ ನೋಡಿ ಗುಳಿಗೆಯನ್ನು ತಾವೇ ಕೊಳ್ಳಬಾರದು. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್, ಮನೆತನದ ರೋಗಚರಿತ್ರೆ ಎಲ್ಲವನ್ನೂ ಕೂಡಿಸಿ ವೈದ್ಯರೇ ನಿರ್ಧರಿಸಲಿ.

‘ಇಂಟರ್‌ಹಾರ್ಟ್’ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತ ಇತರರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆ. ಲೋಕಲ್ ಗಾಡಿಯ ಓಡಾಟವನ್ನೇ ವ್ಯಾಯಾಮವೆಂದು ಭಾವಿಸದೆ ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯೋಣ. ಬೀಡಿ, ಸಿಗರೇಟು, ತಂಬಾಕು ಬಿಡೋಣ. ಹೊಟ್ಟೆಯ ಬೊಜ್ಜು ಕರಗಿಸೋಣ. ಇವುಗಳಿಂದ ಆ ಕೆಂಡವೂ ತಣಿಯುತ್ತದೆ.

ಕೊನೆಯದಾಗಿ ಒಂದು ಮಾತು. ಎದೆ ಹಿಂಡಿದಂತಾಗಿ, ಬೆವರಿಳಿದು, ನೋವು ತೋಳಿಗೋ ದವಡೆಗೋ ಹರಿದರೆ ಈ ಪರೀಕ್ಷೆಗಾಗಿ ಕಾಯಬೇಡಿ. ಆಗ ಬೇಕಾದವು ಇ.ಸಿ.ಜಿ. ಮತ್ತು ಟ್ರೋಪೋನಿನ್. ‘ವಾಯು ಇರಬೇಕು’ ಎಂದು ಸೋಡಾ ಕುಡಿದು ಮಲಗದೆ 108ಕ್ಕೆ ಕರೆಮಾಡಿ, ನೆರೆಮನೆಯವರನ್ನು ಎಬ್ಬಿಸಿ. ಪರವೂರಿನಲ್ಲಿ ನಮಗೆ ನೆರೆಯವರೇ ಬಂಧುಗಳು.