ಮನೆಗೆ ಬಂದ ವೈಫೈ ಪೆಟ್ಟಿಗೆ



ನಾವು ಬಸ್ಸಿನ ಬೋರ್ಡು ಓದಲು ಕಲಿತೆವು. ರೇಷನ್ ಕಾರ್ಡು ಓದಲು ಕಲಿತೆವು. ಈಗ ಮನೆ ಮನೆಗೂ ಹೊಸ ಪೆಟ್ಟಿಗೆ ಬರುತ್ತಿದೆ. ಹಸಿರು ದೀಪ ಮಿಣಮಿಣ ಅನ್ನುತ್ತದೆ. ಅದರ ಮಾತುಗಳನ್ನೂ ಕಲಿಯೋಣ ಬನ್ನಿ.

ಫೈಬರ್ ಅಂದರೇನು?
ಕಂಬದಿಂದ ಮನೆಗೆ ಬರುವ ಸಣ್ಣ ತಂತಿ. ಒಳಗೆ ಗಾಜಿನ ಎಳೆ ಇದೆ. ಸುದ್ದಿ, ಚಿತ್ರ ಎಲ್ಲ ಅದರಲ್ಲಿ ಬೆಳಕಾಗಿ ಬರುತ್ತವೆ. ಈ ತಂತಿಯನ್ನು ಮಡಚಬಾರದು. ಗಾಜು ಮುರಿದೀತು.

ರೂಟರ್ ಅಂದರೇನು?
ಅದು ಮನೆಯ ಅಂಚೆಯಣ್ಣ. ಅಂಚೆಯಣ್ಣ ಮನೆ ನಂಬರು ನೋಡಿ ಕಾಗದ ಕೊಡುತ್ತಾನಲ್ಲ? ರೂಟರ್ ಕೂಡ ಪ್ರತಿ ಫೋನಿಗೂ ಒಂದು ನಂಬರು ಕೊಡುತ್ತದೆ. ಅದೇ ಐಪಿ ವಿಳಾಸ. ಯಾರು ಕೇಳಿದ್ದನ್ನು ಅವರಿಗೇ ತಲುಪಿಸುತ್ತದೆ.

ವೈಫೈ ಅಂದರೇನು?
ರೂಟರಿನಿಂದ ಫೋನಿಗೆ ತಂತಿ ಬೇಡ. ರೇಡಿಯೋ ಅಲೆ ಸಾಕು. ಅದೇ ವೈಫೈ. 1999ರಲ್ಲಿ ಈ ಹೆಸರು ಬಂತು. ಅಲೆಯಲ್ಲಿ ಮುಖ್ಯವಾಗಿ ಎರಡು ಬಗೆ. 2.4 ಗಿಗಾಹರ್ಟ್ಸ್ ಅಲೆ ದೂರ ಹೋಗುತ್ತದೆ, ವೇಗ ಕಡಿಮೆ. 5 ಗಿಗಾಹರ್ಟ್ಸ್ ಅಲೆಗೆ ವೇಗ ಹೆಚ್ಚು, ಆದರೆ ಗೋಡೆ ದಾಟುವುದು ಕಷ್ಟ. ಪೆಟ್ಟಿಗೆಯನ್ನು ಕಬ್ಬಿಣದ ಬೀರುವಿನ ಹಿಂದೆ ಇಡಬೇಡಿ. ಮನೆಯ ನಡುವೆ, ಎತ್ತರದಲ್ಲಿ ಇಡಿ.

ಪಾಸ್‌ವರ್ಡ್ ಅಂದರೇನು?
ಬೀಗದ ಕೀಲಿ. ಇದರಲ್ಲಿ ಎರಡುಂಟು. ಒಂದು, ವೈಫೈಗೆ ಸೇರಲು. ಇನ್ನೊಂದು, ಪೆಟ್ಟಿಗೆಯ ಏರ್ಪಾಡು ಬದಲಿಸಲು. ಸಾಮಾನ್ಯವಾಗಿ ಪೆಟ್ಟಿಗೆಯ ತಳದ ಚೀಟಿಯಲ್ಲಿ ಅಚ್ಚಾಗಿರುತ್ತವೆ. ಎರಡನ್ನೂ ಬದಲಿಸಬೇಕು. 12345678 ಅಂತ ಇಟ್ಟರೆ, ಬೀಗ ಹಾಕಿ ಕೀಲಿಯನ್ನು ಬಾಗಿಲಲ್ಲೇ ಬಿಟ್ಟ ಹಾಗೆ. ಜೋಡಿಸಲು ಬಂದವರನ್ನು ಕೇಳಿ: "ಡಬ್ಲ್ಯೂಪಿಎ2 ಇದೆಯಾ, ಡಬ್ಲ್ಯೂಪಿಎ3 ಇದೆಯಾ?" ಇವು ಬೀಗದ ಬಗೆಗಳು. 3 ಹೊಸದು, ಹೆಚ್ಚು ಗಟ್ಟಿ. ಬೀಗವೇ ಇಲ್ಲದೆ ಮಾತ್ರ ಬಿಡಬೇಡಿ.

ಇಷ್ಟೆಲ್ಲ ಯಾಕೆ ಅಂತೀರಾ? ಲೈನು ಇರುವುದು ನಮ್ಮ ಹೆಸರಿನಲ್ಲಿ. ಗೊತ್ತಿಲ್ಲದವರು ಅದರಿಂದ ಯಾರಿಗೋ ಮೋಸ ಮಾಡಿದರೆ, ಪೊಲೀಸರು ಮೊದಲು ಬರುವುದು ನಮ್ಮ ಬಾಗಿಲಿಗೇ. ಪಕ್ಕದ ಮನೆಯ ಮಗು ಪಾಠ ನೋಡಲು ಕೇಳಿದರೆ ಕೊಡೋಣ. ಯಾರಿಗೆ ಕೊಟ್ಟೆವು ಅನ್ನುವುದು ನಮಗೆ ಗೊತ್ತಿರಲಿ. ಬ್ಯಾಂಕಿನ ಒಟಿಪಿಯನ್ನು ಮಾತ್ರ ಯಾರಿಗೂ ಹೇಳುವುದು ಬೇಡ. ಮೋಸದಿಂದ ಹಣ ಹೋದರೆ ಅಳುತ್ತಾ ಕೂರಬೇಡಿ. ಕೂಡಲೇ 1930ಕ್ಕೆ ಫೋನು ಮಾಡಿ.

ಇವತ್ತು ಮನೆಗೆ ಹೋಗಿ ಪೆಟ್ಟಿಗೆಯ ತಳದ ಚೀಟಿ ಓದೋಣ. ಇಂಗ್ಲಿಷ್ ಅಕ್ಷರವಿದ್ದರೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳೋಣ. ಹೊಸ ಪಾಸ್‌ವರ್ಡನ್ನು ನಮ್ಮ ಕೈಯಿಂದಲೇ ನೋಟುಬುಕ್ಕಿನಲ್ಲಿ ಬರೆದು ಜೋಪಾನ ಮಾಡೋಣ. ನಮ್ಮ ಮನೆಯ ಕೀಲಿ ನಮ್ಮ ಕೈಯಲ್ಲೇ ಇರಲಿ.